ಸೌಂಡ್ ತೆಗೆದು ನೋಡಿದ ಹಾಡು

ಎಂ.ಎ. ಸಿನಿಮಾ ಅಧ್ಯಯನಕ್ಕೆ ಸೇರಿದ ಮೊದಲ ವಾರ ಮೇಷ್ಟ್ರು ಕೊಟ್ಟ ಕೆಲಸ ಕೇಳಿ ನನಗೆ ರೇಗಿಹೋಗಿತ್ತು. ಹಳೆಯ ಚಿತ್ರವೊಂದನ್ನು ಸೌಂಡ್ ತೆಗೆದು ನೋಡಬೇಕು, ಕ್ಯಾಮೆರಾ ಎಲ್ಲಿದೆ, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂದಷ್ಟೇ ಬರೆದುಕೊಂಡು ಬರಬೇಕು. ಹಾಡು ಕೇಳಿಸದ ಮೇಲೆ ಅದೇನು ಸಿನಿಮಾ ಎಂದು ಗೊಣಗುತ್ತಲೇ ಭಾನುವಾರ ಮಧ್ಯಾಹ್ನ ಕೆಸರೆಯ ನಮ್ಮ ಮನೆಯಲ್ಲಿ ಟಿವಿ ಮುಂದೆ ಕೂತೆ.

ಸ್ವಲ್ಪ ಹೊತ್ತಿಗೆ ಅಪ್ಪ ಬಂದು ಪಕ್ಕದಲ್ಲಿ ಕೂತರು. ಹೂಟಗಳ್ಳಿಯ ಕಾರ್ಖಾನೆಯಲ್ಲಿ ಮೆಷಿನ್ನುಗಳ ನಡುವೆ ದುಡಿದು ನಿವೃತ್ತರಾದವರು. ಅವರ ಕಿವಿ ಸ್ವಲ್ಪ ಮಂದ, ಜೋರಾಗಿ ಹೇಳಿದರೆ ಕೇಳಿಸುತ್ತದೆ ಎಂದೇ ನಾವೆಲ್ಲ ನಂಬಿದ್ದೆವು. ನಾನು ಸೌಂಡ್ ಪೂರ್ತಿ ತೆಗೆದಿರುವುದು ಅವರಿಗೆ ಗೊತ್ತಿರಲಿಲ್ಲ.

ತೆರೆಯ ಮೇಲೆ ನಾಯಕಿ ಹಾಡತೊಡಗಿದಳು. ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಅಪ್ಪ ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತಿದ್ದರು. ನಾನು ಬರೆಯುವುದನ್ನು ನಿಲ್ಲಿಸಿ ಅವರನ್ನೇ ನೋಡಿದೆ.

"ಓದ್ಕೊಳ್ಳೋಕೆ ತೊಂದ್ರೆ ಆಯ್ತದೇನಮ್ಮ? ಸೌಂಡ್ ಕಮ್ಮಿ ಮಾಡ್ಕೊ," ಎಂದರು.

ನಾನು ರಿಮೋಟ್ ಎತ್ತಿ, ಅವರಿಗೆ ಕಾಣುವ ಹಾಗೆ ಟಿವಿಯತ್ತ ಹಿಡಿದೆ. ಯಾವ ಬಟನ್ನನ್ನೂ ಒತ್ತಲಿಲ್ಲ.

"ಹ್ಞೂ, ಈಗ ಸರಿಹೋಯ್ತು ಕಣಮ್ಮ," ಎಂದರು ಅಪ್ಪ.