ಮೂರನೆಯ ಸಲ ಕೇಳಿದರೆ

ತುಪ್ಪದಲ್ಲಿ ರವೆ ಹುರಿಯುವ ವಾಸನೆ ಬಂದರೆ ಎಲ್ಲರ ಬಾಯಲ್ಲೂ ನೀರು ಬರುತ್ತದೆ. ನನ್ನ ಬಾಯಿಗೆ ಮಾತ್ರ ಇವತ್ತಿಗೂ ಮೊದಲು ಬರುವುದು ‘ಬೇಡ’ ಎಂಬ ಮಾತು. ನಿಮ್ಮ ಮನೆಯಲ್ಲೂ ಈ ಪಾಠ ನಡೆದಿರಬಹುದು. ನಾನು ಚಿಕ್ಕವಳಿದ್ದಾಗ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಪದ್ಮಮ್ಮನವರ ಒಲೆಯ ಮೇಲೆ ಸಜ್ಜಿಗೆಗೆ ರವೆ ಬಿದ್ದರೆ ಎರಡು ಸೈಟು ಆಚೆಗಿದ್ದ ನಮಗೆ ಗೊತ್ತಾಗುತ್ತಿತ್ತು. ಅವರ ಮನೆಗೆ ಹೊರಡುವ ಮೊದಲು ಅಮ್ಮ ನನ್ನ ಜಡೆಯನ್ನು ನೋಯುವಷ್ಟು ಬಿಗಿಯಾಗಿ ಹೆಣೆಯುತ್ತ ಹೇಳುತ್ತಿದ್ದಳು: “ಒಂದ್ಸಲ ಕೇಳಿದ್ರೆ ಬೇಡ ಅನ್ನು. ಎರಡ್ಸಲ ಕೇಳಿದ್ರೂ ಬೇಡ ಅನ್ನು. ಮೂರ್ನೇ ಸಲ ಕೇಳಿದ್ರೆ ನನ್ನ ಮುಖ ನೋಡು.”

ನನಗೆ ನಾಲ್ಕು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಅಂದಿನಿಂದ ಅಮ್ಮ, ನಾನು ಇಬ್ಬರೂ ದೊಡ್ಡಪ್ಪನ ಮನೆಯಲ್ಲಿದ್ದೆವು. ಅಲ್ಲಿ ನಮ್ಮನ್ನು ಯಾರೂ ಹಂಗಿಸಲಿಲ್ಲ, ಅದನ್ನು ಹೇಳಲೇಬೇಕು. ಆದರೂ ಅಮ್ಮ ಆ ಕೆಂಪು ಗಾರೆ ನೆಲದ ಮೇಲೆ ಹೆಜ್ಜೆ ಸಪ್ಪಳವಾಗದ ಹಾಗೆ ಓಡಾಡುತ್ತಿದ್ದಳು, ನನಗೂ ಹಾಗೆಯೇ ಕಲಿಸಿದಳು. ಪದ್ಮಮ್ಮ ಹಬೆಯಾಡುವ ತಟ್ಟೆ ಹಿಡಿದು ನಿಂತರೆ ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಒಂದಾಯಿತು, ಎರಡಾಯಿತು, ಮೂರನೆಯದು ಬರುತ್ತದೋ ಇಲ್ಲವೋ. ಬಂದರೆ ಅಮ್ಮನ ಕಡೆ ನೋಡಬೇಕು. ರೆಪ್ಪೆ ಬಡಿದರೆ ಹೂಂ, ನೆಟ್ಟ ನೋಟವಾದರೆ ಇಲ್ಲ. ಒಮ್ಮೆ ಅವರು ಎರಡಕ್ಕೇ ನಿಲ್ಲಿಸಿ ತಟ್ಟೆಯನ್ನು ಒಳಗಿಟ್ಟುಬಿಟ್ಟರು. “ಎಷ್ಟು ಚೆನ್ನಾಗಿ ಬೆಳೆಸಿದೀರ್ರೀ ಮಗೂನ! ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ಯೇ?” ಎಂದರು. ಅಮ್ಮ ಹಿಗ್ಗಿದಳು. ನಾನು ಮನೆಗೆ ಬಂದು ಹಿತ್ತಲಿನ ತೊಟ್ಟಿಯ ಹಿಂದೆ ಕೂತು ಅತ್ತೆ.

ಬಗ್ಗಿದ್ದು ಸಜ್ಜಿಗೆಯ ತಟ್ಟೆಯೆದುರು ಮಾತ್ರವಾಗಿದ್ದರೆ ಚಿಂತೆಯಿರಲಿಲ್ಲ. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಮೇಡಂ ಮೊದಲ ಸಲ ಕೇಳಿದಾಗ ನನ್ನ ಕೈ ಏಳುತ್ತಿರಲಿಲ್ಲ. ಇನ್ನೊಮ್ಮೆ ಕೇಳಲಿ ಎಂದು ಕಾಯುವಷ್ಟರಲ್ಲಿ ಮುಂದಿನ ಬೆಂಚಿನವಳು ಹೇಳಿ ಮುಗಿಸುತ್ತಿದ್ದಳು. ‘ಸಾಧು ಹುಡುಗಿ’ ಎಂದು ಎಲ್ಲರೂ ಹೊಗಳಿದರು. ಸಾಧುವೂ ಇಲ್ಲ, ಮಣ್ಣೂ ಇಲ್ಲ. ಒಳಗೊಳಗೇ ಕುದಿಯುತ್ತಿದ್ದೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಸಂಜೆ ದೊಡ್ಡಪ್ಪ ಆಫೀಸಿನಿಂದ ಬಂದವರೇ ನಡುಮನೆಯ ಕುರ್ಚಿಯಲ್ಲಿ ಕೂತು ನನ್ನನ್ನು ಕರೆದರು. ಅಮ್ಮ ಭಾವನವರ ಎದುರಿಗೆ ಬರುತ್ತಿರಲಿಲ್ಲ, ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಅವಳ ಸೀರೆಯ ಅಂಚು ಮಾತ್ರ ನನಗೆ ಕಾಣುತ್ತಿತ್ತು. “ಫಸ್ಟ್ ಕ್ಲಾಸು ಬಂದಿದೀಯಲ್ಲಮ್ಮಾ, ಭೇಷ್. ಕಾಲೇಜಿಗೆ ಸೇರ್ತೀಯಾ? ಫಾರಂ ತಂದಿದೀನಿ” ಎಂದರು. ರಜೆಯುದ್ದಕ್ಕೂ ನಾನು ದೇವರಲ್ಲಿ ಬೇಡಿಕೊಂಡಿದ್ದು ಅದೊಂದನ್ನೇ. ಬಾಗಿಲ ಕಡೆ ನೋಡಿದೆ. ಅಂಚು ಅಲುಗಿತು, ಮುಖ ಕಾಣಲಿಲ್ಲ. ನಾಲಿಗೆ ತನ್ನ ಪಾಡಿಗೆ ತಾನು ಹೇಳಿಬಿಟ್ಟಿತು: “ಬೇಡ ದೊಡ್ಡಪ್ಪ.”

ಅವರು ಇನ್ನೊಮ್ಮೆ ಕೇಳುತ್ತಾರೆ ಎಂದು ಸೆರಗು ಹಿಂಡುತ್ತ ನಿಂತೆ. ದೊಡ್ಡಪ್ಪ ಕೆಟ್ಟವರಲ್ಲ. ಆದರೆ ಅವರು ಬೇಕಾದ್ದನ್ನು ಬೇಕು ಎಂದೇ ಹೇಳಿ ಬೆಳೆದ ಗಂಡಸು, ಬೇಡ ಎಂದರೆ ಅವರ ಪಾಲಿಗೆ ಬೇಡ ಎಂದೇ ಅರ್ಥ. “ಸರಿ ಬಿಡು, ನಿನ್ನಿಷ್ಟ” ಎಂದು ಫಾರಂ ಮಡಚಿ ಚೀಲಕ್ಕೆ ಹಾಕಿಕೊಂಡು ಕಾಫಿ ಕೇಳಿದರು. ಮುಂದಿನ ವರ್ಷ ನನ್ನ ಮದುವೆಯಾಯಿತು.

ಆ ಮನೆಯಿದ್ದ ಜಾಗದಲ್ಲಿ ಈಗ ಬಟ್ಟೆ ಅಂಗಡಿಯಿದೆ. ದೊಡ್ಡಪ್ಪನೂ ಇಲ್ಲ, ಪದ್ಮಮ್ಮನೂ ಇಲ್ಲ. ಅಮ್ಮ ಕೊನೆಗೆ ನನ್ನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಗ, ಒಂದು ದಿನ ನಾನು ಸಜ್ಜಿಗೆ ಮಾಡಿಕೊಂಡು ಅವಳ ಪಕ್ಕ ಕೂತಿದ್ದೆ. ಇದ್ದಕ್ಕಿದ್ದಂತೆ ಅವಳು, “ಅವತ್ತು ಬಾಗಿಲ ಹಿಂದೆ ನಾನು ಹೂಂ ಅಂತ ತಲೆ ಆಡಿಸ್ತಾನೇ ಇದ್ದೆ ಕಣೇ. ನಿಂಗೆ ಕಾಣಿಸ್ಲಿಲ್ಲ” ಎಂದಳು.

ಅಷ್ಟು ವರ್ಷಗಳ ಸಿಟ್ಟಿನಿಂದ ಚಮಚವನ್ನು ತಟ್ಟೆಗೆ ಕುಕ್ಕಿದೆ. “ಬಾಯಿಬಿಟ್ಟು ಹೇಳ್ಬಾರ್ದಿತ್ತೇನಮ್ಮ?”

“ನನ್ನ ಯಾರೂ ಒಂದ್ಸಲಾನೂ ಕೇಳ್ಲಿಲ್ವಲ್ಲೇ.”

ನಾನು ಚಮಚದಲ್ಲಿ ಸಜ್ಜಿಗೆ ತೆಗೆದುಕೊಂಡು, ತಿನ್ನುತ್ತೀಯಾ ಎಂದು ಕೇಳಿದೆ. ಬೇಡ ಎಂದಳು. ಮತ್ತೆ ಕೇಳಿದೆ. ಬೇಡ ಎಂದಳು. ಮತ್ತೆ ಕೇಳಿದೆ.