ಸೆಟ್ ಅಂದರೆ ಚಹಾ, ಸೆಟ್ ಅಂದರೆ ಸಿಟ್ಟು

ಹುನಗುಂದ ಕಡೆಯ ಶಾಲೆಗಳಲ್ಲಿ, ಕೊನೆಗೆ ಮರೋಳದಲ್ಲಿ, ಕನ್ನಡ ಕಲಿಸಿಯೇ ನಿವೃತ್ತಳಾದವಳು ನಾನು. ತರಗತಿಯಲ್ಲಿ ಬೇಡದ ಕಡೆ ಯಾರಾದರೂ ಇಂಗ್ಲಿಷ್ ಪದ ಆಡಿದರೆ ಕಿವಿ ಹಿಂಡುತ್ತಿದ್ದೆ. ಅಂಥವಳ ಗಂಡನಿಗೆ ಲಕ್ವ ಹೊಡೆದಾಗ ಬಾಯಲ್ಲಿ ಉಳಿದದ್ದು ಒಂದೇ ಒಂದು ಮಾತು, ಅದೂ ಇಂಗ್ಲಿಷಿನದು. ಸೆಟ್! ದೇವರಿಗೂ ಒಂದಿಷ್ಟು ತಮಾಷೆ ಬೇಕಾಗಿತ್ತೇನೋ.

ಆ ಪದ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ನಮ್ಮದು ಇಳಕಲ್ಲಿನಲ್ಲಿ ನೇಯುವ ಮನೆ. ಹಾಸು ಎಳೆಗಳು ಮಗ್ಗಕ್ಕೆ ಏರಿ ಬಿಗಿಯಾದ ಕೂಡಲೇ ನಮ್ಮವರು ಕೈ ಝಾಡಿಸಿ "ಸೆಟ್ ಆತು" ಅನ್ನುತ್ತಿದ್ದರು. ಮದುವೆಯಾದ ಹೊಸದರಲ್ಲೇ ನನ್ನನ್ನು ಅಕ್ಕೋರ ಎಂದು ಕರೆಯತೊಡಗಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಮಂದಿ ಹಾಗೆ ಕರೆಯುತ್ತಾರೆ. "ಹೆಂಡತಿಗೆ ಅಕ್ಕೋರ ಅಂತಾರೇನ್ರಿ?" ಎಂದು ನಾನು ಸಿಡುಕಿದರೆ, "ಊರ ಮಂದಿಗೆಲ್ಲಾ ಅಕ್ಕೋರಾಗಿ ನನಗಷ್ಟ ಯಾಕ ಆಗೂದಿಲ್ಲ?" ಎಂದು ನಗುತ್ತಿದ್ದರು.

ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಒಡಲಿನ ಎಳೆಗಳನ್ನೂ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನೂ ಮಗ್ಗದ ಮೇಲೆ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಬೇಕು. ಅದಕ್ಕೆ ಎದುರುಬದುರು ಇಬ್ಬರು ಕೂಡಬೇಕು. ಒಬ್ಬರು ಕುಣಿಕೆ ಹಿಡಿದು ಕೊಡಬೇಕು, ಇನ್ನೊಬ್ಬರು ಅದರೊಳಗೆ ತಮ್ಮದನ್ನು ತೂರಿಸಬೇಕು. ಸಂಜೆ ಶಾಲೆಯಿಂದ ಬಂದು ನಾನು ಕೂಡುತ್ತಿದ್ದೆ. ನನಗೋ ಎಲ್ಲದಕ್ಕೂ ಅವಸರ. "ಮೆಲ್ಲಕ ಜಗ್ಗರಿ, ಅಕ್ಕೋರ! ಅದು ಹುಡುಗರ ಕಿವಿ ಅಲ್ಲ" ಎಂದು ಅವರ ಬೈಗುಳ ಶುರುವಾಗುತ್ತಿತ್ತು. ನಾನೂ ಬಿಡುತ್ತಿರಲಿಲ್ಲ. ಸೀರೆ ಕೂಡುವ ಹೊತ್ತಿಗೆ ನಾವಿಬ್ಬರೂ ಮುಖ ತಿರುಗಿಸಿಕೊಂಡಿರುತ್ತಿದ್ದೆವು.

ಹಾಗೊಂದು ಸೆರಗು ಕೂಡಿಸಬೇಕಿದ್ದ ಮುಂಜಾನೆಯೇ ಚಹಾದ ಕಪ್ಪು ಅವರ ಕೈಯಿಂದ ಜಾರಿತು. ಬಾಗಲಕೋಟೆಯ ದವಾಖಾನೆಯವರು ಜೀವ ಉಳಿಸಿಕೊಟ್ಟರು. ಕಾಲು ಎಳೆದೆಳೆದು ನಡೆಯುವಷ್ಟಾಯಿತು, ಬಲಗೈಯೂ ಅಷ್ಟಿಷ್ಟು ತಿರುಗಿತು. ಸೆಟ್ ಒಂದು ಬಿಟ್ಟರೆ ಮಾತು ಮಾತ್ರ ಬರಲಿಲ್ಲ.

ಆಮೇಲೆ ಆ ಚೋಟುದ್ದದ ಪದವೇ ನಮ್ಮ ಸಂಸಾರ ನಡೆಸಿತು. ಬೆಳಿಗ್ಗೆ ಸೆಟ್ ಅಂದರೆ ಚಹಾ. ಫ್ಯಾನು ನೋಡಿ ಎಳೆದು ಹೇಳಿದರೆ ಸೆಖೆ. ಮೆತ್ತಗೆ ಹೇಳಿದರೆ ಬಚ್ಚಲಿಗೆ ಹೋಗಬೇಕೆಂದು. ಜೋರಾಗಿ ಹೇಳಿದರೆ ಸಿಟ್ಟು, ಯಾವುದರ ಸಿಟ್ಟೆಂದು ನಾನೇ ಹುಡುಕಬೇಕು. ನೋಡಲು ಬಂದ ನೆರೆಮನೆಯಾತ "ಹೆಂಗದೀರಿ?" ಅಂದರೆ ಇವರು "ಸೆಟ್" ಅಂದರು. "ಹಂಗಾರ ಎಲ್ಲಾ ಸೆಟ್ ಆತು ಬಿಡ್ರಿ!" ಎಂದು ಆ ಪುಣ್ಯಾತ್ಮ ಹಲ್ಲು ಕಿರಿದ. ನಮ್ಮವರು ಹೇಳಿದ್ದು ಎದ್ದು ಹೋಗು ಎಂದು, ನನಗೊಬ್ಬಳಿಗೇ ತಿಳಿಯಿತು.

ನಿಜ ಹೇಳುತ್ತೇನೆ, ನನಗೆ ಅವರಿಂದ ಪ್ರೀತಿಯ ಮಾತೇನೂ ಬೇಕಿರಲಿಲ್ಲ. ಅದು ಮೊದಲೂ ಅಷ್ಟಕ್ಕಷ್ಟೇ. ನನಗೆ ಬೇಕಾಗಿದ್ದದ್ದು ಬೈಗುಳ. ಅವರು ಒಮ್ಮೆ, ಒಂದೇ ಒಮ್ಮೆ, ಬಾಯಿ ತುಂಬ ಬೈಯಲಿ ಎಂದು ಬನಶಂಕರಿಗೆ ಹರಕೆ ಹೊತ್ತೆ. ಇಂಥ ಹರಕೆ ಹೊತ್ತ ಹೆಂಗಸು ಆ ತಾಯಿಯ ಮುಂದೆ ಬೇರೆ ಯಾರೂ ನಿಂತಿರಲಿಕ್ಕಿಲ್ಲ.

ಮಾತು ಕಲಿಸುವ ಹುಡುಗಿಯೊಬ್ಬಳು ಬಾಗಲಕೋಟೆಯಲ್ಲಿದ್ದಳು. ಪದಗಳನ್ನು ನಡುವೆ ಒಡೆದು ಬರೆದ ಕಾರ್ಡುಗಳನ್ನು ಕೊಟ್ಟಳು. ನೀ-ರು, ಚ-ಹಾ, ರೊ-ಟ್ಟಿ. "ಅರ್ಧ ನೀವು ಹೇಳ್ರಿ ಅಮ್ಮಾರ, ಉಳಿದರ್ಧಕ್ಕ ಕಾಯ್ರಿ. ಎಷ್ಟೊತ್ತಾದ್ರೂ ಕಾಯ್ರಿ. ಅವರ ಪಾಲಿಂದು ಮಾತ್ರ ನೀವು ಹೇಳಬ್ಯಾಡ್ರಿ" ಎಂದಳು. ಆ ಸಣ್ಣ ಅಡ್ಡಗೆರೆ ನನಗೆ ಹೊಸದೇ? ಹಲಗೆಯ ತುದಿಯಲ್ಲಿ ಪದ ಹಿಡಿಸದಿದ್ದಾಗ ಅದನ್ನೇ ಎಳೆದು, "ಮಾತು ಮುಗಿದಿಲ್ಲ, ಕೆಳಗ ನೋಡ್ರಿ" ಎಂದು ಮಕ್ಕಳಿಗೆ ಹೇಳುತ್ತಿದ್ದವಳು ನಾನು.

ಗೆರೆ ಗೊತ್ತಿತ್ತು, ಕಾಯುವುದು ಗೊತ್ತಿರಲಿಲ್ಲ. ನಾನು "ನೀ" ಅನ್ನುವುದು, ಅವರು ತುಟಿ ಅಲ್ಲಾಡಿಸುವಷ್ಟರಲ್ಲಿ "ರು ಅನ್ರಿ, ರು!" ಎಂದು ಮೈಮೇಲೆ ಬೀಳುವುದು. ಅವರು "ಸೆಟ್!" ಎಂದು ಕಾರ್ಡುಗಳನ್ನೆಲ್ಲ ನೆಲಕ್ಕೆ ಬೀಸಿದರು. ಅಡುಗೆಮನೆಗೆ ಹೋಗಿ ಅತ್ತೆ. ಅತ್ತು, ಮುಖ ತೊಳೆದು, ಬಂದು ಕಾರ್ಡು ಆರಿಸಿದೆ. ಎಷ್ಟೋ ವಾರ ಇದೇ ನಡೆಯಿತು.

ಒಂದು ದಿನ ಊಟಕ್ಕೆ ಮೊದಲು ನನ್ನ ಕೈ ಹಿಡಿದು "ಸೆಟ್, ಸೆಟ್" ಅಂದರು. ನೀರು ತಂದೆ. ಅಲ್ಲ. ಫ್ಯಾನು ಹಾಕಿದೆ. ಅಲ್ಲ. ಹಣೆ ಹಣೆ ಬಡಿದುಕೊಂಡು, ಕಾಲೆಳೆಯುತ್ತ ನನ್ನನ್ನು ಮಗ್ಗದ ಕೋಣೆಗೆ ಕರೆದೊಯ್ದರು. ಆ ಮುಂಜಾನೆ ಕೂಡಿಸದೆ ಉಳಿದ ಕೆಂಪು ಎಳೆಗಳು ಧೂಳು ಹಿಡಿದು ಅಲ್ಲೇ ಇದ್ದವು. ಅವರು ತಮ್ಮ ಜಾಗದಲ್ಲಿ ಕೂತು ಎದುರಿನ ಜಾಗವನ್ನು ತಟ್ಟಿದರು. ಹೋಗಿ ಕೂತೆ.

ಅವರ ಬಲಗೈ ಕುಣಿಕೆಯನ್ನು ಹಿಡಿಯುವುದೇ ದೊಡ್ಡದು, ತೂರಿಸುವುದೆಲ್ಲ ಎಡಗೈ. ಒಂದು ಕೊಂಡಿಗೆ ಒಂದು ಯುಗ ಹಿಡಿಯಿತು. ಒಂದಿಷ್ಟು ಹೊತ್ತು ತಡೆದುಕೊಂಡೆ. ಆಮೇಲೆ ನನ್ನ ಹಳೇ ಚಾಳಿ, ಜಗ್ಗಿಬಿಟ್ಟೆ. ಎಳೆ ಪಟ್ಟನೆ ಹರಿಯಿತು.

ಅವರ ಮುಖ ಕೆಂಪಾಯಿತು. ಈಗ ಬಂತು ಸೆಟ್ ಎಂದುಕೊಂಡೆ.

"ಮೆಲ್ಲ..." ಅಂದರು.

ಉಳಿದರ್ಧ ನನ್ನ ನಾಲಿಗೆ ತುದಿಗೆ ಬಂದು ಕುಣಿಯುತ್ತಿತ್ತು. ಇಷ್ಟು ವರ್ಷ ತರಗತಿಯಲ್ಲಿ ಮಕ್ಕಳ ಬಾಯಿಂದ ಅರ್ಧ ಮಾತು ಕಸಿದು ನಾನೇ ಮುಗಿಸಿದವಳು. ಉಟ್ಟ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದೆ. ಪಕ್ಕದ ಮನೆಯ ಮಗ್ಗ ಒಂದೇ ಸಮನೆ ಬಡಿಯುತ್ತಿತ್ತು. ಅವರ ಹಣೆಯಲ್ಲಿ ಬೆವರು ಮೂಡಿತು. ತುಟಿ ಕೂಡಿತು, ಬಿಟ್ಟಿತು, ಮತ್ತೆ ಕೂಡಿತು. ಕಾದೆ. ಎವ್ವಾ, ಹುಟ್ಟಿದಾಗಿನಿಂದ ನಾನು ಹಾಗೆ ಕಾದಿರಲಿಲ್ಲ.

"...ಕ" ಅಂದರು. "ಜ... ಜಗ್ಗರಿ."

ನಾನಿನ್ನೂ ಬಾಯಿ ಬಿಡಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು. ಮುಗಿದಿಲ್ಲ ಎಂದು ಕಣ್ಣಲ್ಲೇ ಗೊತ್ತಾಗುತ್ತಿತ್ತು.

"ಅಕ್ಕೋರ."

ಹೋ ಎಂದು ಅತ್ತುಬಿಟ್ಟೆ. ಅಷ್ಟು ಖುಷಿ ನನಗೆ ಕೆಲಸದ ಆರ್ಡರು ಬಂದಾಗಲೂ ಆಗಿರಲಿಲ್ಲ. ಅವರು ನನ್ನ ಅಳುವಿಗೆ ಸೊಪ್ಪು ಹಾಕದೆ ಹರಿದ ಎಳೆಯತ್ತ ಬೆರಳು ತೋರಿಸಿದರು. ಕಣ್ಣೊರೆಸಿಕೊಂಡು ಗಂಟು ಹಾಕಿದೆ. ಮುಂದಿನ ಕುಣಿಕೆ ಕೈಗೆ ಬಂದಾಗ, ಬೇಕಂತಲೇ, ಮೊದಲಿಗಿಂತ ಜೋರಾಗಿ ಜಗ್ಗಿದೆ.