ಭಾವನ ಅಂಗಳದ ಚಿಪ್ಪಿನ ರಾಶಿ

ಕವಳ ಹಾಕುವಾಗ ವೀಳ್ಯದೆಲೆಗೆ ಹಚ್ಚುವ ಸುಣ್ಣ ಎಲ್ಲಿಂದ ಬಂತೆಂದು ಯಾರೂ ವಿಚಾರಿಸುವುದಿಲ್ಲ. ಮೀನಿನ ಬುಟ್ಟಿ ರಸ್ತೆಯಲ್ಲಿ ಹಾದುಹೋದರೂ ಮೂಗಿಗೆ ಪಂಚೆಯ ಚುಂಗು ಒತ್ತಿಕೊಳ್ಳುವ, ಎಂಜಲು-ಮುಸುರೆಯ ವಿಚಾರದಲ್ಲಿ ಧರ್ಮಶಾಸ್ತ್ರಕ್ಕಿಂತ ಒಂದು ಕೈ ಮೇಲಾದ ನನ್ನ ತಂಗಿಯ ಗಂಡ, ನಿಟ್ಟೂರಿನ ಭಾವ, ಸಮುದ್ರಜೀವಿಯ ಚಿಪ್ಪು ಸುಟ್ಟ ಸುಣ್ಣವನ್ನು ಮಾತ್ರ ಪರಮಸಾತ್ವಿಕ ಮುಖಮುದ್ರೆಯಿಂದ ನಾಲಿಗೆಗೆ ಮುಟ್ಟಿಸುತ್ತಾನೆ. ಹೋದ ವಾರದವರೆಗೆ ನಾನಿದನ್ನು ಕಂಡು ನಗುತ್ತಿದ್ದೆ.

ಸಾಗರದಲ್ಲಿ ಇತಿಹಾಸ ಪಾಠ ಮಾಡಿ, ಮಕ್ಕಳನ್ನು ನಿದ್ದೆಗೆ ಕಳಿಸುವ ಕಲೆಯಲ್ಲಿ ಹೆಸರು ಮಾಡಿ ನಿವೃತ್ತನಾದ ನಾನು ತಂಗಿಯ ಮನೆಗೆ ಹೋದಾಗ ಅಂಗಳದಲ್ಲಿ ಒಂದು ಲಾರಿ ಚಿಪ್ಪು ಬಿದ್ದಿತ್ತು. ಪೇಟೆಯ ಸುಣ್ಣ ಕಲಬೆರಕೆ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಗೆ ಮನೆಯಲ್ಲೇ ಸುಟ್ಟ ಸುಣ್ಣವೇ ಆಗಬೇಕೆಂಬುದು ಭಾವನ ಹಠ. ಘಟ್ಟದ ಕೆಳಗೆ, ಹೊಳೆ ಸಮುದ್ರ ಸೇರುವಲ್ಲಿ ಸಿಗಡಿ ಕೆರೆ ತೋಡಿಸುತ್ತಿದ್ದ ಗುತ್ತಿಗೆದಾರನೊಬ್ಬ ಅಲ್ಲಿದ್ದ ಚಿಪ್ಪಿನ ದಿಬ್ಬವನ್ನು ಅಗೆದು ಕಳಿಸಿದ್ದ.

ಸುಮ್ಮನೆ ಕೆದಕಿದೆ. ತೂತು ಕೊರೆದ ಚಿಪ್ಪು, ತೇದು ಚೂಪು ಮಾಡಿದ ಎಲುಬಿನ ಮೊನೆ, ಬೂದಿ ಮೆತ್ತಿದ ಮೀನಿನ ಮುಳ್ಳು! ನೇಗಿಲು ಕಾಣದ, ಬೇಟೆಯಾಡಿ ಚಿಪ್ಪು ಹೆಕ್ಕಿ ಬದುಕಿದ ಜನ ತಲೆಮಾರುಗಟ್ಟಲೆ ಒಂದೇ ಜಾಗಕ್ಕೆ ಬಂದು ಉಂಡೆಸೆದ ರಾಶಿಯದು. ಯಾವ ಚಿಪ್ಪು ತೀರಿದ ಮೇಲೆ ಯಾವ ಮೀನಿಗೆ ಕೈಹಾಕಿದರೆಂಬುದನ್ನು ಆ ಪದರಗಳ ಕ್ರಮವೇ ಹೇಳಬೇಕು; ಅಕ್ಷರವಿಲ್ಲದವರನ್ನು ಅರಿಯಲು ಬೇರೆ ದಾರಿಯಿಲ್ಲ. ಲಾರಿ ಸುರಿದ ಮೇಲೆ ಅದು ಅನ್ನ, ಸಾರು, ಪಾಯಸಗಳನ್ನು ಒಂದೇ ಬಾಲ್ದಿಗೆ ಸುರಿದಂತೆ. ನನಗೆ ಮೈಯೆಲ್ಲ ಉರಿಯಿತು. ಪುರಾತತ್ವ ಇಲಾಖೆಯ ಕಚೇರಿಗೆ ಫೋನು ಮಾಡಿದರೆ, "ಪಟ್ಟಾ ಜಮೀನು ಸಾರ್, ಕಸದ ಗುಡ್ಡೆಗೆಲ್ಲ ಬೋರ್ಡ್ ಹಾಕಕ್ಕಾಗುತ್ತಾ?" ಎಂಬ ಉತ್ತರ. ರಾಜನ ಕಲ್ಲು ಸಿಕ್ಕರೆ ಹಾರ ಹಾಕಿ ಫೋಟೊ ತೆಗೆಸಿಕೊಳ್ಳುವ ಈ ನಾಡಿಗೆ ಹಸಿದ ಮನುಷ್ಯ ಉಂಡ ಜಾಗ ಕಸ!

ಅರ್ಧ ದಿಬ್ಬ ಇನ್ನೂ ಅಲ್ಲೇ ಉಳಿದಿದೆಯೆಂದು ಭಾವನೇ ಹೇಳಿದ. ಅದನ್ನಾದರೂ ಉಳಿಸಬೇಕಿತ್ತು. ಬೇರೆ ಅಸ್ತ್ರ ತೋಚದೆ, ಇದು ಯಾರದೋ ಎಂಜಲು ಕಣೋ ಎಂದು ಕಿರುಚಿದೆ.

"ಎಂತಕ್ಕೆ ಇಷ್ಟು ಸಿಟ್ಟು ಭಾವ? ಬೆಂಕಿಗೆ ಹಾಕಿದ ಮೇಲೆ ಎಂಜಲು ಎಲ್ಲಿದ್ದು?" ಎಂದ ಆ ಮಹಾಶಯ.

ಆದರೆ ನಾನು ಕುಕ್ಕರಿಸಿ ಚೂರುಗಳನ್ನು ಒಂದೊಂದಾಗಿ ಹೆಕ್ಕತೊಡಗಿದ್ದನ್ನು ಕಂಡು ಅವನಿಗೆ ನಿಜಕ್ಕೂ ಗಾಬರಿಯಾಯಿತು. ಸಿಗ್ನಲ್ ಸಿಗುವ, ಬೇಲಿಯ ದಾಟುಬಾಗಿಲಾದ ದಣಪೆಯ ಬಳಿ ಹೋಗಿ ಗುತ್ತಿಗೆದಾರನೊಡನೆ ಬಹಳ ಹೊತ್ತು ಮಾತಾಡಿ, ಗೆದ್ದ ಮುಖ ಹೊತ್ತು ಬಂದ.

"ತಲೆಬಿಸಿ ಮಾಡಡ ಭಾವ. ಉಳಿದದ್ದನ್ನ ಬೇರೆ ಯಾರಿಗೂ ಕೊಡಡ ಹೇಳಿ ನಾನೇ ಅವಂಗೆ ಹೇಳಿದ್ದಿ. ಜೆಸಿಬಿ ಹಚ್ಚಿ ಅಷ್ಟನ್ನೂ ಇಲ್ಲಿಗೇ ಕಳಿಸ್ತ. ನೀ ಆರಾಮಾಗಿ ಕೂತ್ಗಂಡು ನೋಡು."

ನನ್ನ ಮೇಲಿನ ಪ್ರೀತಿಯಿಂದಲೇ ಮಾಡಿದ್ದ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ಫೋನು ಕಿತ್ತುಕೊಂಡು ದಣಪೆಗೆ ಓಡಿದೆ; ಲೈನು ಸಿಗುವಷ್ಟರಲ್ಲಿ ಎರಡು ಗಂಟೆ ಕಳೆಯಿತು. ನಿಲ್ಲಿಸಿ, ಮುಟ್ಟಬೇಡಿ ಎಂದು ಗುತ್ತಿಗೆದಾರನಿಗೆ ಗಂಟಲು ಹರಿಯುವಂತೆ ಕೂಗಿದೆ. ಅತ್ತಲಿಂದ ಸಂತೋಷದ ದನಿ ಕೇಳಿತು: "ಲಾರಿ ತುಂಬಿಸಿ ಆಯ್ತು ಮಾರಾಯ್ರೆ. ನಿಮಗೆ ಬೇಕು ಅಂದ್ರಲ್ಲ, ಬುಡಸಮೇತ ಕೆರೆಸಿದ್ದೇನೆ."